ಅಪ್ಪನ ಕಡೆಯ ಕೂದಲು

"ನೀನು ಕತ್ತರಿಸಲ್ಲ ಅಂದ್ರೆ ಬಿಡು, ಎದುರು ಸಾಲಿನ ಪಾರ್ಲರಿಗೆ ಹೋಗ್ತೀನಿ" ಎಂದು ಮಗಳು ಹೇಳಿದ ಮೇಲೆಯೇ ಅಮ್ಮ ಕತ್ತರಿ ಕೈಗೆತ್ತಿಕೊಂಡದ್ದು. ಮೂರು ವಾರದ ಜಗಳ ಆ ಒಂದು ಮಾತಿಗೆ ಮುಗಿಯಿತು. ಮನೆಯ ಮುಂದಿನ ಕೋಣೆಯೇ ಅಮ್ಮನ ಪಾರ್ಲರು. ಹೆತ್ತ ಮಗಳು ಎದುರು ಸಾಲಿಗೆ ಹೋಗಿ ತಲೆ ಬಗ್ಗಿಸಿದರೆ, ಆಮೇಲೆ ಈ ಬೀದಿಯಲ್ಲಿ ತಾನು ತಲೆಯೆತ್ತುವುದು ಹೇಗೆ?

"ಬಾ, ಕೂತ್ಕೋ. ಆಮೇಲೆ ಅಳಬಾರದು."

"ಅಳೋದೆಲ್ಲ ಕ್ರೀಮು ಹಚ್ಚಿಸಿಕೊಳ್ಳೋವಾಗಲೇ ಅತ್ತಾಯ್ತಲ್ಲಮ್ಮ."

ಮಗಳಿಗೆ ಹತ್ತು ವರ್ಷವಿದ್ದಾಗ ಅಮ್ಮ ಮೊದಲ ಸಲ ಅವಳ ಗುಂಗುರು ಕೂದಲಿಗೆ ಕ್ರೀಮು ಬಳಿದು ನೆಟ್ಟಗೆ ಮಾಡಿದ್ದಳು. ಅಲ್ಲಿಂದ ಹದಿನಾಲ್ಕು ವರ್ಷ, ಮೂರು ತಿಂಗಳಿಗೊಮ್ಮೆ ತಪ್ಪದೆ ನಡೆಯಿತು. ಮಗಳು ಸಸಿ ಮಾರುವ ನರ್ಸರಿಯಲ್ಲಿ ಕಸಿ ಕಟ್ಟುವ ಕೆಲಸಕ್ಕೆ ಸೇರಿದ ಮೇಲೆ, ನೆರಳುಬಲೆಯ ಕೆಳಗಿನ ಸೆಕೆಗೆ ಬೆವರಿಳಿದು ನೆತ್ತಿಯಲ್ಲಿ ಹುಣ್ಣಾಯಿತು. ಸಾಕು ಎಂದಳು. ಈಗ ಒಂದೂವರೆ ವರ್ಷ. ಕಿವಿಯ ಮಟ್ಟದವರೆಗೆ ಹೊಸ ಗುಂಗುರು, ಅದರ ಕೆಳಗೆ ಪೊರಕೆ ಕಡ್ಡಿಯಂಥ ಹಳೆಯ ಕೂದಲು. ಬಾಚಿದರೆ ಎರಡೂ ಸೇರುವ ಜಾಗದಲ್ಲಿ ಪಟಪಟ ಮುರಿಯುತ್ತಿತ್ತು. ಹೊಂದದ ಗಿಡಗಳಿಗೆ ಕಸಿ ಕಟ್ಟಿದರೆ ಹೀಗೇ ಆಗುವುದೆಂದು ಅವಳಿಗೆ ಕೆಲಸದಿಂದಲೇ ಗೊತ್ತಿತ್ತು.

ಅಮ್ಮ ಬಟ್ಟೆ ಹೊದಿಸಿ ಬಾಚಣಿಗೆ ಹಾಕಿದಳು. ಅದು ಅರ್ಧಕ್ಕೇ ನಿಂತಿತು. "ನೋಡು, ಬಾಚಣಿಗೆ ಹಲ್ಲು ಉದುರುತ್ತೆ. ಎಲ್ಲಾ ನಿಮ್ಮಪ್ಪನ ಕಡೆಯದು."

ಆ ಮನೆಯಲ್ಲಿ ಇದು ಇತ್ಯರ್ಥವಾದ ವಿಷಯ. ಮಗಳ ಮೂಗು, ಮೈಬಣ್ಣ, ಚುರುಕುತನ ಅಮ್ಮನ ಕಡೆಯವು. ಹಟ, ಗೊರಕೆ ಮತ್ತು ಕೂದಲು ಅಪ್ಪನ ಕಡೆಯವು. ಪಂಪ್ ರಿಪೇರಿ ಮಾಡುವ ಅಪ್ಪನಿಗೆ ಇಪ್ಪತ್ತೆಂಟಕ್ಕೇ ತಲೆ ಬೋಳಾಗಿತ್ತು. ಅವನ ಹೆತ್ತವರದ್ದು ಉಳಿದಿರುವುದು ಒಂದೇ ಫೋಟೋ. ಅದರಲ್ಲಿ ಒಬ್ಬರಿಗೆ ಟೋಪಿ, ಇನ್ನೊಬ್ಬರಿಗೆ ತಲೆಗೆ ಬಟ್ಟೆ. ಹೀಗಾಗಿ ಆರೋಪಿಯ ಪರವಾಗಿ ಯಾವ ಸಾಕ್ಷಿಯೂ ಇರಲಿಲ್ಲ. ಅವನೂ ವಾದಕ್ಕೆ ನಿಂತವನಲ್ಲ. ಮಾತು ಬಂದಾಗಲೆಲ್ಲ ಹೌದೆಂದು ತಲೆಯಾಡಿಸಿ ಎದ್ದು ಹೋಗುತ್ತಿದ್ದ.

ಅಮ್ಮನ ಕೂದಲಾದರೋ ನೂಲು ಹಿಡಿದು ಗೆರೆ ಎಳೆದಂತೆ. ಗಿರಾಕಿಗಳು ಗೋಡೆಯ ಮೇಲಿನ ಚಿತ್ರಗಳನ್ನು ಬಿಟ್ಟು, "ನಿಮ್ಮದರ ಹಾಗೇ ಮಾಡ್ರೀ" ಎನ್ನುತ್ತಿದ್ದರು. "ನಂದು ಹುಟ್ಟಿದಾಗಿಂದ ಹೀಗೇ ಕಣ್ರೀ, ಕೈಯಿಟ್ಟವಳಲ್ಲ" ಎಂದು ಅಮ್ಮ ನಗುತ್ತಿದ್ದಳು. ಎರಡು ತಿಂಗಳಿಗೊಂದು ಸೋಮವಾರ ಪಾರ್ಲರಿಗೆ ಒಳಗಿನಿಂದ ಅಗಳಿ ಬೀಳುತ್ತಿತ್ತು. ಕ್ರೀಮಿನ ಘಾಟು ಹೊರಗೆ ಬರುತ್ತಿತ್ತು. ಏನಮ್ಮ ಎಂದರೆ, ಹಳೇ ಡಬ್ಬಿ ಕೆಟ್ಟಿದೆಯೋ ಏನೋ ನೋಡ್ತಿದ್ದೆ ಎನ್ನುತ್ತಿದ್ದಳು. ಡಬ್ಬಿ ಅಷ್ಟೊಂದು ಸಲ ಏಕೆ ಕೆಡುತ್ತದೆ ಎಂದು ಮಗಳು ಕೇಳಿರಲಿಲ್ಲ. ಈಗ ಆರು ತಿಂಗಳಿಂದ ಅಮ್ಮನಿಗೆ ಭುಜ ಹಿಡಿದುಕೊಂಡಿತ್ತು. ಕೈ ಮುಂದಕ್ಕೆ ಚಾಚುತ್ತಿತ್ತು, ತಲೆಯ ಹಿಂದಕ್ಕೆ ಹೋಗುತ್ತಿರಲಿಲ್ಲ. ಕೂದಲನ್ನು ಹೇಗೋ ಒಟ್ಟುಮಾಡಿ ದೊಡ್ಡದೊಂದು ಕ್ಲಿಪ್ಪು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು.

ಕತ್ತರಿ ಆಡತೊಡಗಿತು. ಕಡ್ಡಿಗೂದಲು ನೆಲಕ್ಕೆ ಬಿತ್ತು. ಭಾರ ಕಳೆದ ಗುಂಗುರು ಒಂದೊಂದಾಗಿ ಮೇಲಕ್ಕೆ ಹಾರಿ ಕೂತಿತು. ಕೊನೆಯ ಎಳೆ ಕತ್ತರಿಸಿದ ಮೇಲೆ ಅಮ್ಮನ ತೋರುಬೆರಳು ಒಂದು ಸುರುಳಿಯನ್ನು ಸುತ್ತಿ ಬಿಟ್ಟಿತು, ಪಕ್ಕದ್ದನ್ನು ಸುತ್ತಿ ಬಿಟ್ಟಿತು. ಯಾವ ಗಿರಾಕಿಗೂ ಅಮ್ಮ ಹಾಗೆ ಮಾಡಿದ್ದನ್ನು ಮಗಳು ಕಂಡಿರಲಿಲ್ಲ. ಬೆರಳಿಗೆ ಮಾತ್ರ ಆ ಕೆಲಸ ಹೊಸದಾಗಿರಲಿಲ್ಲ.

ಕೊನೆಗೆ, ಎಲ್ಲರಿಗೂ ಮಾಡುವಂತೆ, ಅಮ್ಮ ಕೈಗನ್ನಡಿಯನ್ನು ತಲೆಯ ಹಿಂದೆ ಹಿಡಿದಳು. "ಹಿಂದೆ ಸರಿಯಿದೆಯಾ ನೋಡು."

ಮಗಳು ಎದುರಿನ ದೊಡ್ಡ ಕನ್ನಡಿಯಲ್ಲಿ ತನ್ನ ಕತ್ತನ್ನು ನೋಡಿದಳು. ಕೂದಲು ಮುಗಿಯುವ ಕಡೆ, ಎಡಕ್ಕೆ, ಒಂದು ಸುಳಿ. "ಚೆನ್ನಾಗಿದೆ" ಎಂದಳು. ಕೈಯಲ್ಲೊಂದು ಸವೆದ ವಾಷರು ಹಿಡಿದು ಬಾಗಿಲಿಗೆ ಬಂದು ನಿಂತಿದ್ದ ಅಪ್ಪ ಕೂಡ, "ಚೆನ್ನಾಗೇ ಇದೆಯಲ್ಲೇ" ಎಂದ.

"ಏನು ಚೆನ್ನಾಗಿದೆಯೋ. ಕುರಿಮರಿ ಆಗಿದ್ದಾಳೆ" ಎನ್ನುತ್ತ ಅಮ್ಮ ಪೊರಕೆ ತೆಗೆದುಕೊಂಡು ಬಗ್ಗಿದಳು. ಕ್ಲಿಪ್ಪು ಜಾರಿತು. ನೀಳ ಕೂದಲು ಎರಡು ಪಾಲಾಗಿ ಮುಖದ ಮೇಲೆ ಇಳಿಯಿತು, ಕತ್ತು ಬಯಲಾಯಿತು.

ಕಸಿಯ ಗಂಟಿನ ಕೆಳಗೆ ಬುಡದ ಗಿಡ ಚಿಗುರೊಡೆದರೆ ಮಗಳ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಅಮ್ಮನ ಕತ್ತಿನ ಮೇಲೆ ಎರಡು ಬೆರಳಗಲ ಬಿಗಿಯಾದ ಗುಂಗುರು ಎದ್ದಿತ್ತು. ಎಡಕ್ಕೆ ಸುಳಿ.

ಮೂವತ್ತು ವರ್ಷ ಊರವರ ಕತ್ತಿನ ಹಿಂದೆ ಕನ್ನಡಿ ಹಿಡಿದವಳ ಹಿಂದೆ ಹಿಡಿದವರು ಒಬ್ಬರೂ ಇರಲಿಲ್ಲ. ಮಗಳು ಕೈಗನ್ನಡಿ ಎತ್ತಿಕೊಂಡು, ಅಮ್ಮ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅವಳ ಬೆನ್ನ ಹಿಂದೆ ನಿಂತಳು. ಒಂದು ಕೈಯಿಂದ ಕೂದಲನ್ನು ಪಕ್ಕಕ್ಕೆ ಸರಿಸಿ ಹಿಡಿದಳು.

"ಹಿಂದೆ ಸರಿಯಿದೆಯಾ ನೋಡಿ, ಮೇಡಂ."

ಅಮ್ಮ ದೊಡ್ಡ ಕನ್ನಡಿಯಲ್ಲಿ ನೋಡಿದಳು. ಪೊರಕೆ ಕೈಯಲ್ಲೇ ಇತ್ತು. ಬಹಳ ಹೊತ್ತು ನೋಡಿದಳು. ಆಮೇಲೆ, ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದಳು:

"ಅದು ನಿಮ್ಮಪ್ಪನ ಕಡೆಯದು."

ಬಾಗಿಲಲ್ಲಿ ನಿಂತಿದ್ದ ಅಪ್ಪ ಬೋಳು ತಲೆಯನ್ನೊಮ್ಮೆ ಸವರಿಕೊಂಡು, ಎಂದಿನಂತೆ, ಹೌದೆಂದು ತಲೆಯಾಡಿಸಿದ.