ದಿನದೂಟದ ವೈನು

ಬೆಳಗ್ಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಮಸ್ಕಿಯ ಹಳ್ಳದ ದಂಡೆಯಲ್ಲಿ, ಶಿವಪ್ರಸಾದನನ್ನು ಮಣ್ಣು ಮಾಡಿದ ಮೂರನೆಯ ದಿನ, ಗುಣಿಯ ಮೇಲೆ ಎಲೆ ಹಾಸಿ ಅನ್ನ, ಹೋಳಿಗೆ, ಬಾಡು ಬಡಿಸಿದ್ದರು. ಆಮೇಲೆ ಬೀಡಿ ಇಟ್ಟರು, ವಿಸ್ಕಿ ಇಟ್ಟರು. ಬೇವಿನ ಮರದ ಕಾಗೆಗಳು ಕೆಳಗೆ ಇಳಿಯಲಿಲ್ಲ.

"ಏನೋ ಆಸಿ ಉಳಿಸ್ಕೊಂಡು ಹೋಗ್ಯಾನ ನನ್ನ ಮಗ," ಎಂದಳು ಯಮನಮ್ಮ. "ಕಾಗಿ ಮುಟ್ಟೋತನಕ ನಾ ಹನಿ ನೀರು ಮುಟ್ಟಂಗಿಲ್ಲ." ಸಕ್ಕರೆ ಕಾಯಿಲೆಯ ಮೈ. ಆಗಲೇ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು.

ಮಗಳು ಭಾರತಿ ಲಿಂಗಸುಗೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕಾಗೆ ಇಳಿಯದಿರುವುದಕ್ಕೆ ಸತ್ತವರ ಆಸೆಯೇ ಬೇಕೆಂದಿಲ್ಲ. ಆಚೆ ಗದ್ದೆಯಲ್ಲಿ ಭತ್ತದ ಕೊಯ್ಲು ನಡೆದು ಅವುಗಳ ಹೊಟ್ಟೆ ತುಂಬಿದ್ದರೂ ಸಾಕು. ಆದರೆ ಅದನ್ನು ಅವ್ವನಿಗೆ ಹೇಳಿ ನೀರು ಕುಡಿಸುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ.

"ನೆನಪು ಮಾಡ್ಕೋ ಭಾರತಿ," ಎಂದ ಅಪ್ಪ ಲಾಲಪ್ಪ. "ಇಟಲಿಯಾಗ ಏನು ತಿಂತಿದ್ದ, ಏನು ಕುಡೀತಿದ್ದ?"

ಆರು ವರ್ಷ ಅಲ್ಲಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದು, ಮೊದಲ ಸಲ ರಜೆಗೆ ಬಂದ ಅಣ್ಣ ಶಿವಪ್ರಸಾದ ಎದೆನೋವೆಂದು ಮಲಗಿ ಮತ್ತೆ ಎದ್ದಿರಲಿಲ್ಲ. ಪ್ರತಿ ಐತವಾರ ವಿಡಿಯೊ ಕಾಲ್‌ನಲ್ಲಿ ಕೆಂಪನೆಯ ಗ್ಲಾಸು ಎತ್ತಿ ತೋರಿಸುತ್ತಿದ್ದುದು ಭಾರತಿಗೆ ನೆನಪಾಯಿತು. "ದಿನಾ ಊಟಕ್ಕ ಇದ ನೋಡು ತಂಗಿ. ನಮ್ಮ ಮಜ್ಜಿಗಿ ಇದ್ದಂಗ," ಎನ್ನುತ್ತಿದ್ದ. ಅವಳು ಸಿಂಧನೂರಿನ ಬಸ್ಸು ಹತ್ತಿದಳು.

ವೈನ್ ಶಾಪಿನ ಮುಂದೆ ನಿಂತಿದ್ದ ಗಂಡಸರು ಸರಿದು ದಾರಿ ಬಿಟ್ಟರು. ಇಟಲಿಯ ಕೆಂಪು ವೈನು ಇದೆಯೇ ಎಂದು ಅವಳು ಕೇಳಿದಳು. "ಇಟಲೀದು ಬೇಕಂತಲೇ ಮೇಡಮ್ಮಗ," ಎಂದು ಹಿಂದಿನಿಂದ ಒಬ್ಬ ನಕ್ಕ. "ನಮಗ ಸಿಂಧನೂರದ್ದಕ್ಕ ಗತಿ ಇಲ್ಲ!"

"ಸುಮ್ನಿರಲೇ," ಎಂದು ಗದರಿದ ಅಂಗಡಿಯ ಗಿಡ್ಡಪ್ಪ, ಒಳಗಿನಿಂದ ಎರಡು ಬಾಟಲಿ ತಂದಿಟ್ಟ. "ರೈಸ್ ಮಿಲ್ ಸಾವ್ಕಾರ್ರ ಮಗನ ಲಗ್ನಕ್ಕ ತರಿಸಿದ್ದು, ಇವೆರಡ ಉಳದಾವ್ರಿ. ಇದು ತುಟ್ಟಿ, ಇದು ಸೋವಿ. ಯಾವ್ದು ಕೊಡ್ಲಿ?"

ಭಾರತಿ ಎರಡರ ಚೀಟಿಗಳನ್ನೂ ಅಕ್ಷರ ಬಿಡದೆ ಓದಿದಳು. ವರ್ಷ, ಊರು, ಮದ್ಯದ ಪ್ರಮಾಣ ಎಲ್ಲ ಇತ್ತು. ಅಣ್ಣ ಯಾವುದನ್ನು ಕುಡಿಯುತ್ತಿದ್ದ ಎಂಬುದು ಮಾತ್ರ ಇರಲಿಲ್ಲ. ಇಟಲಿಯಲ್ಲಿ ಅವನ ಕೋಣೆಯಲ್ಲೇ ಇದ್ದ ಮುದಗಲ್ಲಿನ ಆಸೀಫನಿಗೆ ಫೋನು ಮಾಡಿದಳು.

"ವೈನಾ? ಶಿವ್ಯಾ ಕುಡೀತಿದ್ದಿಲ್ಲ ತಂಗಿ," ಎಂದ ಆಸೀಫ್. "ಶನಿವಾರಕ್ಕೊಮ್ಮೆ ಸಾಮಾನು ತರಾಕ ಹೋಗ್ತಿದ್ವಿ. ನನಗಂತೂ ಹರಾಮ್, ನಾ ಬುಟ್ಟಿ ಹಿಡ್ಕೊಂಡು ನಿಂತಿರ್ತಿದ್ದೆ. ಅಂವ ವೈನ್ ಕಪಾಟಿನ ಕೆಳಗಿನ ಸಾಲಿನ ಮುಂದ ಕುಂತು ಒಂದೊಂದ ಬಾಟ್ಲಿ ಓದ್ತಿದ್ದ. ಹೋಟೆಲಿನ್ಯಾಗ ಕೇಳಿ ಕೇಳಿ ಎಲ್ಲಾ ಬಾಯಿಪಾಠ. ಇದು ಹುಳಿ, ಇದು ಒಗರು, ದಿನದೂಟಕ್ಕ ಈ ಮೊಂಟೆಪುಲ್ಚಾನೋನ ಸರಿ ಅಂತ ಆರಿಸ್ತಿದ್ದ. ಆರಿಸಿ, ವಾಪಸ್ ಇಟ್ಟು ಬರ್ತಿದ್ದ."

"ಯಾಕಣ್ಣ?"

"ಮೊದಲ ನಿನ್ನ ಎಮ್ಮೆಸ್ಸಿ ಮುಗೀಲಿ ಅಂತಿದ್ದ. ಅದು ಮುಗದ ಮ್ಯಾಲ, ನಿನ್ನ ಲಗ್ನ ಆಗ್ಲಿ ಅಂದ."

"ಮತ್ತ ಐತಾರ ಗ್ಲಾಸಿನ್ಯಾಗ ಇರ್ತಿದ್ದದ್ದು?"

"ಗುಲಾಬಿ ಶರಬತ್ ತಂಗಿ. ನಾನ ಮಾಡಿಕೊಡ್ತಿದ್ದೆ."

ಸೋವಿಯ ಬಾಟಲಿಯ ಮೇಲೆ ಮೊಂಟೆಪುಲ್ಚಾನೋ ಎಂಬ ಹೆಸರಿತ್ತು. ಕಾಗದ ಸುತ್ತಲೇ ಎಂದು ಗಿಡ್ಡಪ್ಪ ಕೇಳಿದ. ಅವಳು ಬೇಡವೆಂದಳು. ಬಸ್ಸಿನಲ್ಲಿ ಎಲ್ಲರಿಗೂ ಕಾಣುವಂತೆ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಳು. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಬಿರಡೆ ತೆಗೆಯುವುದು ಯಾರಿಗೂ ಗೊತ್ತಿರಲಿಲ್ಲ. ಲಾಲಪ್ಪ ಬೇವಿನ ಕಟ್ಟಿಗೆಯಿಂದ ಅದನ್ನು ಒಳಕ್ಕೇ ತಳ್ಳಿದ. ಸ್ಟೀಲಿನ ಲೋಟದ ತುಂಬ ವೈನು ಸುರಿದು ಗುಣಿಯ ಮೇಲಿಟ್ಟು, ಮೂವರೂ ದೂರ ಸರಿದು ಕೂತರು.

ಬಹಳ ಹೊತ್ತಿನ ಮೇಲೆ ಒಂದು ಕಾಗೆ ಇಳಿಯಿತು. ಯಮನಮ್ಮ ಕೈ ಮುಗಿದಳು. ಕಾಗೆ ಎಲೆಯ ಸುತ್ತ ನಡೆದು, ಲೋಟದ ಬಳಿ ನಿಂತು, ಕತ್ತು ವಾಲಿಸಿ ನೋಡಿತು. ಎರಡು ಹೆಜ್ಜೆ ಹಿಂದೆ ಸರಿದು ಹಾರಿಹೋಯಿತು.

"ಕಾಗಿ ಮುಟ್ಟಲಿಲ್ಲಂದ್ರ ಅನ್ನ, ಹೋಳಿಗಿ ಆಕಳಿಗೆ ಹಾಕಿ ಏಳ್ರಿನ್ನ, ಹೊತ್ತು ಮುಳುಗಾಕತ್ತೇತಿ," ಎಂದ ಲಾಲಪ್ಪ.

ಯಮನಮ್ಮ ಏಳಲಿಲ್ಲ. ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಇದೂ ಅಲ್ಲಂತವ್ವ. ನಿನ್ನ ಮುಂದ ಎಲ್ಲಾ ಹೇಳ್ತಿದ್ದನಲ್ಲ. ಮತ್ತೇನು ಬೇಕಾಗಿತ್ತಂತ ಅವಗ?"