ಕೆರೆಗೆ ಹೆಪ್ಪು

ಮೊನ್ನೆ, ತುಂಬಿ ನಿಂತ ನಮ್ಮೂರ ಕೆರೆಯಲ್ಲಿ ದೋಣಿ ಹತ್ತುವಾಗ ನನಗೆ ತೊಡಿಸಿದ ಒದ್ದೆ ಲೈಫ್ ಜಾಕೆಟ್ಟಿನ ಮುಗ್ಗಲು ವಾಸನೆ ನನ್ನನ್ನು ಮತ್ತೆ ಅಜ್ಜಿಯ ಪಕ್ಕ ಕೂರಿಸಿತು.

ನನ್ನ ಚಿಕ್ಕಂದಿನಲ್ಲಿ ಜಗಳೂರಿನಿಂದ ಕಾಶಿ, ಗಯಾ ಯಾತ್ರೆಗೆ ಹೊರಟ ನಮ್ಮ ಬಸ್ಸು ಬುದ್ಧನ ಕ್ಷೇತ್ರಗಳನ್ನೂ ಸುತ್ತಿ, ಒಂದು ಮಧ್ಯಾಹ್ನ ರಾಜಗೀರದ ಬಳಿ ಗುಡ್ಡಗಳ ನಡುವಿನ ಕೆರೆಗೆ ಬಂದಿತ್ತು. ಅಜ್ಜಿ ಚಪ್ಪಲಿಯನ್ನು ದಡದಲ್ಲೇ ಬಿಟ್ಟು, ನೀರಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದ ಮೇಲೆಯೇ ಅಂಥದ್ದೇ ಒದ್ದೆ ಜಾಕೆಟ್ಟು ತೊಟ್ಟು ದೋಣಿ ಹತ್ತಿದಳು. ನಡುನೀರಿಗೆ ಬಂದಾಗ, ಶೇಂಗಾ ಚಟ್ನಿಪುಡಿ ಖಾಲಿಯಾದ ಡಬ್ಬಿಯನ್ನು ಮಡಿಲಿನಿಂದ ತೆಗೆದು ಬಗ್ಗಿ ಮುಳುಗಿಸಿದಳು. ಅಪ್ಪ ಗಾಬರಿಯಿಂದ ಅವಳ ತೋಳು ಹಿಡಿದ.

“ಅವ್ವಾ, ಗಂಗೆ ನೀರು ಕಾಶಿಯಾಗೇ ತುಂಬ್ಕಂಡಿದ್ದೀವಲ್ಲ? ಇದು ಬರೀ ಕೆರೆ ನೀರು.”

“ಅದು ದೇವರ ಜಗಲಿಗೆ. ಇದು ನಮ್ಮೂರ ಕೆರೆಗೆ ಹಾಕಾಕೆ.”

“ಒಣಗಿ ಬಿರುಕು ಬಿಟ್ಟೈತೆ ಅದು. ಒಂದು ಡಬ್ಬಿ ನೀರು ಹಾಕಿದ್ರೆ ಏನಾಗ್ತೈತೆ?”

ಅಜ್ಜಿ ಮುಚ್ಚಳ ಬಿಗಿದು, ಸೆರಗಿನಿಂದ ಡಬ್ಬಿ ಒರೆಸಿದಳು.

“ಗಡಿಗೆ ಹಾಲಿಗೆ ಹೆಪ್ಪು ಎಷ್ಟು ಹಾಕ್ತಾರೋ?”

ಅಪ್ಪ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, “ಅಲುಗಾಡಿಸಬ್ಯಾಡ,” ಎಂದಳು.

ಊರು ಮುಟ್ಟುವವರೆಗೂ ನಾನು ಅದನ್ನು ಅಲುಗಾಡಿಸಲಿಲ್ಲ.