ಹೊರಗೆ ಕನ್ನಡಿ, ಒಳಗೆ ಕಿಟಕಿ

ಗಾಜಿನಾಚೆ ನಿಂತ ಹುಡುಗನ ಕೈ ಮೂಗಿನ ಕಡೆ ಹೋಯಿತು. ಒಳಗೆ ಸುಪ್ರಿಯಾ ಉಸಿರು ಬಿಗಿಹಿಡಿದಳು. ಕೈ ಕನ್ನಡಕವನ್ನು ಸರಿಮಾಡಿ ಕೆಳಗಿಳಿಯಿತು.

"ತಪ್ಪಿಸ್ಕೊಂಡ," ಎಂದ ಅವಳ ಅಪ್ಪ ಭೈರಪ್ಪ, ಕುರ್ಚಿಗೆ ಒರಗಿ. "ಇನ್ನೊಂಚೂರು ಕಾಯಿಸು, ಇವನದ್ದೂ ಹೊರಗೆ ಬರುತ್ತೆ."

ಹೊರಗಿದ್ದವರು ನಿರಂಜನ ಮತ್ತು ಅವನ ತಾಯಿ ಲಿಂಗಮ್ಮ. ಭದ್ರಾವತಿಯಿಂದ ಹೆಣ್ಣು ನೋಡಲು ಬಂದವರು. "ದಾರೀಲಿದೀನಿ, ಬಾಗಿಲ ಹತ್ರಾನೇ ನಿಂತಿರಿ, ಬಂದ್ಬಿಟ್ಟೆ" ಎಂದು ಭೈರಪ್ಪ ಅವರಿಗೆ ಫೋನಿನಲ್ಲಿ ಹೇಳಿದ್ದ. ಹೇಳಿದ್ದು ಅವರಿಂದ ನಾಲ್ಕಡಿ ದೂರದಲ್ಲಿ, ಗಾಜಿನ ಈಚೆ ಕೂತು.

ಮಲವಗೊಪ್ಪದ ರಸ್ತೆಗೆ ಮುಖಮಾಡಿದ ಅವನ ಹೊಸ ಕಟ್ಟಡಕ್ಕೆ ಮುಂಭಾಗದಲ್ಲಿ ಗೋಡೆಯೇ ಇಲ್ಲ. ನಾಲ್ಕು ಮಹಡಿಗೂ ಪರದೆ ಇಳಿಬಿಟ್ಟ ಹಾಗೆ ಅಲ್ಯೂಮಿನಿಯಂ ಚೌಕಟ್ಟು, ನೀಲಿ ಗಾಜು. ತೆರೆಯಲು ಒಂದು ಕಿಟಕಿಯಿಲ್ಲ. ಎಸಿ ನಿಂತರೆ ಒಳಗಿದ್ದವರು ಬೇಯಬೇಕು. ಈ ಊರಿನ ಬಿಸಿಲಿಗೆ ಇಂಥದ್ದನ್ನು ಕಟ್ಟಿಸಿದವನ ಬುದ್ಧಿಗೆ ಏನು ಹೇಳುವುದು! ಮೇಲಿನ ಮಹಡಿಗಳಿಗೆ ಬಾಡಿಗೆಗೆ ಯಾರೂ ಬಂದಿರಲಿಲ್ಲ. ಕೆಳಗಿನ ಆಫೀಸಿನಲ್ಲಿ ಭೈರಪ್ಪನೊಬ್ಬನೇ. ಅವನೂ ದೀಪ ಹಚ್ಚುವ ಹೊತ್ತಿಗೆ ಮೊದಲೇ ಬೀಗ ಹಾಕಿ ಮನೆ ಸೇರುತ್ತಿದ್ದ.

"ಹೊರಗಿನೋರಿಗೆ ಕನ್ನಡಿ ಸಾರ್, ಒಳಗಿನೋರಿಗೆ ಕಿಟಕಿ" ಎಂದಿದ್ದ ಗಾಜು ಮಾರಿದವನು. ಅವನು ಇನ್ನೂ ಏನೋ ಹೇಳುವುದಿತ್ತು. ಭೈರಪ್ಪ ಅಷ್ಟಕ್ಕೇ ಕುಣಿದಾಡಿಬಿಟ್ಟ. ಅಂದಿನಿಂದ ಅವನಿಗೆ ಇದೇ ಸಿನಿಮಾ. ದಾರಿಹೋಕರು ಗಾಜಿನೆದುರು ಹಲ್ಲು ಕಿಸಿದು ಸಂದಿಯಲ್ಲಿ ಸಿಕ್ಕಿದ್ದನ್ನು ಕೀಳುತ್ತಿದ್ದರು. ಇವನು ಊಟದ ಡಬ್ಬಿ ಬಿಚ್ಚಿಕೊಂಡು ನೋಡುತ್ತಿದ್ದ. ಕೊನೆಗೆ ಮಗಳಿಗೆ ಗಂಡು ಆರಿಸುವುದಕ್ಕೂ ಇದನ್ನೇ ತಂದ. ಒಬ್ಬ ವರ ಮೊಡವೆ ಹಿಸುಕಿ ಬೆರಳನ್ನು ಗಾಜಿಗೇ ಒರೆಸಿದ. ಇನ್ನೊಬ್ಬನ ತಂದೆ ಹೂಕುಂಡಕ್ಕೆ ಗುಟ್ಕಾ ಉಗಿದ. ಭೈರಪ್ಪ ಇಬ್ಬರನ್ನೂ ಒಳಗೆ ಕರೆದು ಕಾಫಿ ಕೊಡಿಸಿ, ಆಮೇಲೆ ನೆಂಟರಿಗೆಲ್ಲ ಫೋನ್ ಮಾಡಿ ನಕ್ಕಿದ್ದ.

ಸುಪ್ರಿಯಾಗೆ ಅವರನ್ನು ಕಂಡು ಹೇಸಿಗೆಯಾಗಿದ್ದು ನಿಜ. ಕದ್ದು ನೋಡಿ ಬಾಯಿ ಚಪ್ಪರಿಸುವ ಅಪ್ಪನನ್ನು ಕಂಡು ಅದಕ್ಕಿಂತ ಹೆಚ್ಚು.

ಆದರೆ ನಿರಂಜನ ಅವಳಿಗೆ ಬೇಕಾಗಿದ್ದ. ಮೊದಲ ಸಲ ಫೋನಿನಲ್ಲಿ ಮಾತಾಡುವಾಗ, "ಒಂದ್ನಿಮಿಷ ಇರಿ, ಅಮ್ಮನ್ನ ಮೆಟ್ಲು ಇಳಿಸಿ ಬರ್ತೀನಿ" ಎಂದು ಎದ್ದುಹೋಗಿದ್ದ. ಲಿಂಗಮ್ಮನವರ ಒಂದು ಕಾಲು ಸ್ವಾಧೀನದಲ್ಲಿರಲಿಲ್ಲ. ಅವನು ಮರಳಿ ಬರುವಷ್ಟರಲ್ಲಿ ಅವಳು ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದಳು. ದೇವರೇ, ಇವರು ಯಾವ ಅಸಹ್ಯವನ್ನೂ ಮಾಡದಿರಲಿ ಎಂದು ಈಗ ಬೇಡಿಕೊಂಡಳು.

ಹೊರಗೆ ಲಿಂಗಮ್ಮ ಗಾಜಿಗೆ ಹತ್ತಿರ ಬಂದು ಸೆರಗು ಸರಿಮಾಡಿಕೊಂಡರು. ಬಾಯಿ ತೆರೆದು ಹಲ್ಲಿನ ಸೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು.

"ಥೂ!" ಎಂದ ಭೈರಪ್ಪ, ಖುಷಿಯಿಂದ.

"ವಯಸ್ಸಾದೋರು, ಬಿಡಪ್ಪ."

"ಆಯ್ತು, ಅಮ್ಮಂದು ಬಿಟ್ಟೆ. ಮಗನ್ನ ನೋಡಾಣ."

ಸೋಗಾನೆ ಕಡೆಯಿಂದ ಎದ್ದ ಮೋಡ ಸಂಜೆಯ ಬಿಸಿಲನ್ನು ನುಂಗಿತು. ಆಫೀಸು ಮಬ್ಬಾಯಿತು.

"ಲೈಟ್ ಹಾಕೇ. ತಿಂಡಿ ಹೆಂಗಿದೆ ನೋಡ್ಬೇಕು."

ಸುಪ್ರಿಯಾ ಸ್ವಿಚ್ ಒತ್ತಿದಳು. ಚಾವಣಿಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.

ಬೀಗರಾಗುವವರಿಗೆಂದು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳನ್ನು ಜೋಡಿಸಿಟ್ಟಿತ್ತು. ಭೈರಪ್ಪ ಒಂದು ತಟ್ಟೆಯ ಕೇಸರಿಬಾತಿಗೆ ಬೆರಳು ಹಾಕಿ ನೆಕ್ಕಿದ. ಅದೇ ಬೆರಳನ್ನು ಪಕ್ಕದ ತಟ್ಟೆಗೂ ಅದ್ದಿ ಮತ್ತೆ ನೆಕ್ಕಿದ. ಆದ ಗುಳಿಯನ್ನು ಬೆರಳಿನಿಂದಲೇ ಸವರಿ ಮುಚ್ಚಿದ.

"ಅಪ್ಪಾ! ಎಂಜಲು!"

"ಸಕ್ಕರೆ ಸರಿಯಾಗಿದೆ, ಸುಮ್ನಿರು ಮಾರಾಯ್ತಿ." ಅವನಿಗೆ ಹುರುಪು ಬಂದಿತ್ತು. "ನಿನ್ನ ಅತ್ತೆ ಮದುವೆ ಮಂಟಪಕ್ಕೆ ಹೆಂಗೆ ಬರ್ತಾಳೆ, ತೋರಿಸ್ಲಾ?"

ಸೊಂಟ ಬಾಗಿಸಿ, ಒಂದು ಕಾಲು ಎಳೆಯುತ್ತಾ, ತುಟಿ ಸೊಟ್ಟ ಮಾಡಿಕೊಂಡು ಅವನು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದ. ತನ್ನ ನಟನೆಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಸುಪ್ರಿಯಾ ಮುಖ ತಿರುಗಿಸಿಕೊಂಡಳು.

"ಸಾಕು ಮಾಡು! ನಿನ್ನ ನೋಡಿದ್ರೆ ವಾಕರಿಕೆ ಬರುತ್ತೆ."

ಭೈರಪ್ಪ ಏದುಸಿರು ಬಿಡುತ್ತಾ ಗಾಜಿನ ಬಳಿ ಬಂದ. ಈಗ ಅವನ ಮುಖವೇ ಅವನಿಗೆ ಅಡ್ಡ ಬರುತ್ತಿತ್ತು. ಕಣ್ಣಿನ ಎರಡೂ ಪಕ್ಕ ಅಂಗೈ ಇಟ್ಟು, ಮೂಗು ಚಪ್ಪಟೆಯಾಗುವಂತೆ ಗಾಜಿಗೆ ಒತ್ತಿ ಇಣುಕಿದ.

ಹೊರಗಿನವರು ಕೂದಲು, ಸೆರಗು ಎಲ್ಲ ಮರೆತು ನೆಟ್ಟಗೆ ನಿಂತಿದ್ದರು. ತಾಯಿಯ ಕೈ ನಿರಂಜನನ ಕೈಯಲ್ಲಿತ್ತು.

"ನೋಡು ಬಾರೇ! ಅಮ್ಮನ ಕೈ ಹಿಡ್ಕೊಂಡು ಎಷ್ಟು ಗಂಭೀರವಾಗಿ ನಿಂತಿದಾನೆ. ಸಂಸ್ಕಾರ ಅಂದ್ರೆ ಇದು. ಹುಡುಗ ಪಾಸು!"

ಸುಪ್ರಿಯಾಳ ಕಣ್ಣು ತುಂಬಿಬಂತು. ಅಪ್ಪನ ಮೇಲಿನ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿಯಿತು. ಇನ್ನು ಈ ಗಾಜಿನ ಹಿಂದೆ ಕೂರುವ ಕರ್ಮ ತನಗಿಲ್ಲ ಎಂದುಕೊಂಡಳು.

ಭೈರಪ್ಪ ಹಿಂಬಾಗಿಲಿನಿಂದ ಹೊರಬಿದ್ದು, ಕಟ್ಟಡ ಸುತ್ತಿಕೊಂಡು ಮುಂದೆ ಪ್ರತ್ಯಕ್ಷನಾದ. "ಏನು ಟ್ರಾಫಿಕ್ಕು ಅಂತೀರಿ! ಕಾಯಿಸಿಬಿಟ್ಟೆ, ತಪ್ಪು ತಿಳ್ಕೋಬೇಡಿ," ಎನ್ನುತ್ತಾ ಅವರನ್ನು ಒಳಗೆ ಕರೆತಂದ.

ಯಾರೂ ಕೂರಲಿಲ್ಲ. ಸುಪ್ರಿಯಾ ತಾನೇ ಹೊಸದಾಗಿ ಬಡಿಸಿದ ತಟ್ಟೆಯನ್ನು ಮುಂದೆ ಹಿಡಿದಳು. ನಿರಂಜನ ಅವಳನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ. ಲಿಂಗಮ್ಮ ತಟ್ಟೆ ಮುಟ್ಟದೆ ಅವಳ ಕೆನ್ನೆ ಮುಟ್ಟಿದರು.

"ನಿನ್ನ ಮೇಲೆ ನಮಗೇನೂ ಇಲ್ಲ ಮಗಾ. ಈ ಸಂಬಂಧ ಬೇಡ."

"ಒಳಗೆ ಈಗಷ್ಟೇ ಕಾಲಿಟ್ಟಿದೀರಿ!" ಭೈರಪ್ಪ ಕೆರಳಿದ. "ಅಷ್ಟರಲ್ಲಿ ನಮ್ಮಲ್ಲಿ ಅಂಥದ್ದೇನು ಕಂಡ್ರಿ?"

"ಲೈಟ್ ಹಾಕೋ ತನಕ ಆ ಗಾಜಲ್ಲಿ ನಮ್ಮ ಮುಖಾನೇ ಕಾಣ್ತಿತ್ತು ಭೈರಪ್ಪನೋರೆ," ಎಂದರು ಲಿಂಗಮ್ಮ, "ಆಮೇಲೆ ನೀವು ಕಂಡ್ರಿ."